ಸ್ತಾನಿಸ್ಲಾಸ್ ಜೂಲಿಯೆನ್ ಪಂಡಿತನೂ ಕರ್ಣಾಟಕದ ಇತಿಹಾಸವೂ

ಕರ್ಣಾಟಕದ ಪ್ರಾಚೀನ ಚರಿತ್ರೆಯನ್ನು ಓದಿದವರೆಲ್ಲರೂ ಹ್ಯೂಯೆನ್ ತ್ಸಾಂಗ್ ಎಂಬ ಚೀನದೇಶದ ಯಾತ್ರಿಕನ ಹೆಸರನ್ನು ಬಲ್ಲರು. ಬಾದಾಮಿಯ ಚಾಲುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯ ಪ್ರಸ್ತಾಪ ಬಂದೆಡೆಯಲ್ಲೆಲ್ಲ ಈ ಯಾತ್ರಿಕನ ಸಾಕ್ಷ್ಯವನ್ನು ಎತ್ತಿ ಹೇಳುವುದು ವಾಡಿಕೆಯಾಗಿದೆ. ಬೆಂಗಳೂರಿನ ಪೂರ್ವಭಾಗದ ಒಂದು ಬಡಾವಣೆಗೆ ಪುಲಕೇಶಿನಗರವೆಂಬ ಹೆಸರಿದೆ. ಪಶ್ಚಿಮಭಾಗದ ನಂದಿನಿ ಲೇಔಟಿನ ಶಾಲೆಯಲ್ಲಿ ಓದುವ ಬಾಲಕನೂ, ಉತ್ತರಾಪಥವನ್ನೆಲ್ಲ ಗೆದ್ದ ಹರ್ಷನು ಈ ಕನ್ನಡ ದೊರೆಯನ್ನು ಮಾತ್ರ ಗೆಲ್ಲಲಾರದೆ ಹೋದನೆಂಬುದನ್ನು ಕಂಠಪಾಠವಾಗಿ ಹೇಳುವನು. ಆದರೆ ಚೀನೀಭಾಷೆಯ ಲಿಪಿಯಲ್ಲಿ ಹುದುಗಿದ್ದ ಈ ವಾಕ್ಯವು ನಮ್ಮವರೆಗೆ ಬಂದುದು ಹೇಗೆ? ಅದನ್ನು ಮೊದಲು ಓದಿದವನಾರು? ಆ ಲಿಪಿಯೊಳಗಿನ ಹೆಸರುಗಳನ್ನು ಸಂಸ್ಕೃತಕ್ಕೆ ತಿರುಗಿಸಿದವನಾರು? ಈ ಪ್ರಶ್ನೆಗಳನ್ನು ನಮ್ಮಲ್ಲಿ ಕೇಳಿದವರು ವಿರಳ.

ನಾವು ಬರೆಯುವ 'ಹ್ಯೂಯೆನ್ ತ್ಸಾಂಗ್' ಎಂಬ ರೂಪದಲ್ಲಿಯೇ ಇದರ ಉತ್ತರವು ಅಡಗಿದೆ. ಚೀನೀಯರು ಈಗ ಆ ಹೆಸರನ್ನು ಸುಮಾರಾಗಿ 'ಶ್ವೆನ್‌ಜಾಂಗ್' ಎಂದು ಉಚ್ಚರಿಸುತ್ತಾರೆ. ನಮ್ಮ ಪಠ್ಯಪುಸ್ತಕಗಳ ರೂಪವು ಇಂಗ್ಲಿಷಿನಿಂದ ಬಂದುದು. ಇಂಗ್ಲಿಷಿನ ರೂಪವಾದರೋ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಬರವಣಿಗೆಯ ಜಾಡನ್ನು ಹಿಡಿದುದು. ಆ ಫ್ರೆಂಚ್ ಬರವಣಿಗೆಯನ್ನು ವಿದ್ವಲ್ಲೋಕದಲ್ಲಿ ಪ್ರಚಾರಕ್ಕೆ ತಂದವನು ಪ್ಯಾರಿಸ್ ನಗರದ ಸ್ತಾನಿಸ್ಲಾಸ್ ಜೂಲಿಯೆನ್ ಎಂಬ ಪಂಡಿತನು. ಈತನ ಜೀವಿತವನ್ನೂ ಕಾರ್ಯವನ್ನೂ ಸಂಗ್ರಹವಾಗಿ ತಿಳಿಸಿ, ಆ ಕಾರ್ಯದಿಂದ ಕರ್ಣಾಟಕದ ಚರಿತ್ರೆಗೆ ಆದ ಲಾಭವೇನು, ಅದರ ಮೇರೆ ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

1. ಜೀವಿತ

ಜೂಲಿಯೆನ್ನನು ಫ್ರಾನ್ಸ್ ದೇಶದ ಓರ್ಲೆಯಾಂ ಪಟ್ಟಣದಲ್ಲಿ 1797ನೆಯ ಇಸವಿಯಲ್ಲಿ ಹುಟ್ಟಿದನು. ಕೆಲವು ಗ್ರಂಥಗಳಲ್ಲಿ 1799 ಎಂದು ಕಾಣುವುದುಂಟು. ಮೊದಲು ಆತನ ಒಲವು ಗ್ರೀಕ್ ಭಾಷೆಯ ಕಡೆಗಿತ್ತು. ಪ್ಯಾರಿಸ್ಸಿಗೆ ಬಂದು 1821ರಲ್ಲಿ ಕೊಲೆಝ್ ದ ಫ್ರಾನ್ಸ್ ಎಂಬ ಪ್ರಸಿದ್ಧ ವಿದ್ಯಾಪೀಠದಲ್ಲಿ ಗ್ರೀಕ್ ಭಾಷೆಯ ಸಹಾಯಕ ಉಪಾಧ್ಯಾಯನಾದನು. 1823ರಲ್ಲಿ ಕೊಲೂಥಸ್ ಎಂಬ ಗ್ರೀಕ್ ಕವಿಯ ಕಾವ್ಯವೊಂದನ್ನು ಸಂಪಾದಿಸಿ ಅಚ್ಚುಹಾಕಿಸಿದನು. ಅದೇ ವಿದ್ಯಾಪೀಠದಲ್ಲಿ 1814ರಲ್ಲಿ ಚೀನೀಭಾಷೆಗೆಂದು ಒಂದು ಪೀಠವು ಸ್ಥಾಪಿತವಾಗಿತ್ತು. ಯೂರೋಪಿನಲ್ಲಿ ಅಂತಹ ಪೀಠವು ಅದೇ ಮೊದಲನೆಯದು. ಅದರ ಪ್ರಥಮ ಅಧ್ಯಾಪಕನು ಅಬೆಲ್ ರೆಮ್ಯೂಸಾ. ಈತನ ಪಾಠಗಳನ್ನು ಕೇಳತೊಡಗಿದ ಜೂಲಿಯೆನ್ನನು ಅಲ್ಪಕಾಲದಲ್ಲಿಯೇ ಚೀನೀಭಾಷೆಯಲ್ಲಿ ಗತಿಯನ್ನು ಪಡೆದು, 1824ರಿಂದ ಮೊದಲ್ಗೊಂಡು ಮೆನ್ಸಿಯಸ್ ಎಂಬ ಚೀನೀ ತತ್ತ್ವಜ್ಞನ ಗ್ರಂಥವನ್ನು ಲ್ಯಾಟಿನ್ ಭಾಷಾಂತರದೊಡನೆ ಪ್ರಕಟಿಸಿದನು. ಅದಕ್ಕಾಗಿ ಮಂಚೂ ಭಾಷೆಯನ್ನೂ ಕಲಿತು, ಆ ಭಾಷೆಯಲ್ಲಿದ್ದ ಅನುವಾದವನ್ನು ಮೂಲದೊಡನೆ ಹೋಲಿಸಿ ನೋಡಿದನು.

1832ರಲ್ಲಿ ಪ್ಯಾರಿಸ್ಸಿನಲ್ಲಿ ವಾಂತಿಭೇದಿಯ ಉಪದ್ರವವುಂಟಾಗಿ ರೆಮ್ಯೂಸಾ ತೀರಿಕೊಂಡನು. ಶಿಷ್ಯನಾದ ಜೂಲಿಯೆನ್ನನು ಗುರುವಿನ ಪೀಠವನ್ನು ಏರಿದನು. 1873ನೆಯ ಫೆಬ್ರವರಿ 14ರಂದು ಮೃತನಾಗುವವರೆಗೆ, ಎಂದರೆ ನಾಲ್ವತ್ತು ವರ್ಷಗಳಿಗೆ ಮೇಲ್ಪಟ್ಟು, ಆ ಪೀಠವನ್ನು ಬಿಡಲಿಲ್ಲ. ಈ ಅವಧಿಯಲ್ಲಿ ಆತನು ಮಾಡಿದ ಭಾಷಾಂತರಗಳ ವೈವಿಧ್ಯವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಚೀನೀ ನಾಟಕ, ಕಥೆ, ಲಾವೋತ್ಸೆಯ ತತ್ತ್ವಗ್ರಂಥ (1842), ಪಿಂಗಾಣಿಯ ಪಾತ್ರೆಗಳನ್ನು ಮಾಡುವ ಕ್ರಮ (1856) ಇವೆಲ್ಲವೂ ಅದರಲ್ಲಿ ಸೇರಿವೆ. 1837ರಲ್ಲಿ ಹಿಪ್ಪುನೇರಿಳೆಯ ಬೇಸಾಯವನ್ನೂ ರೇಷ್ಮೆಹುಳುಗಳ ಸಾಕಣೆಯನ್ನೂ ಕುರಿತ ಚೀನೀ ಗ್ರಂಥಗಳ ಸಾರವನ್ನು ಫ್ರೆಂಚ್ ಸರ್ಕಾರದ ಅಪೇಕ್ಷೆಯಂತೆ ಪ್ರಕಟಿಸಿದನು. ಅದು ಯೂರೋಪಿನ ಹಲವು ಭಾಷೆಗಳಿಗೆ ಪರಿವರ್ತಿತವಾಯಿತು. ರೇಷ್ಮೆಯಿಂದ ಬಾಳುವ ಮೈಸೂರು ಸೀಮೆಯ ಓದುಗರಿಗೆ ಈ ಸಂಗತಿಯು ಕುತೂಹಲಕರವಾಗಿರದೆ ಇರದು.

ಇಷ್ಟಾದರೂ ಜೂಲಿಯೆನ್ನನು ಒಮ್ಮೆಯೂ ಚೀನದೇಶವನ್ನು ಕಂಡವನಲ್ಲ, ಹಿಂದೂದೇಶವನ್ನೂ ಕಂಡವನಲ್ಲ. ಆತನ ಲೋಕವೆಲ್ಲವೂ ಪುಸ್ತಕಶಾಲೆಯೊಳಗೇ ಇತ್ತು. ಆತನ ಸ್ವಭಾವದಲ್ಲಿ ಕಾಠಿನ್ಯವು ಹೆಚ್ಚಾಗಿತ್ತೆಂದು ಸಮಕಾಲಿಕರು ದೂರಿದ್ದಾರೆ. 1840ರ ದಶಕದಲ್ಲಿ ಪೋತಿಯೇ ಎಂಬ ಇನ್ನೊಬ್ಬ ಚೀನೀಭಾಷಾ ವಿದ್ವಾಂಸನೊಡನೆ ಆತನು ನಡೆಸಿದ ಲೇಖನಕಲಹವು ಕಟುವಾದುದು. ಅನುವಾದದ ದೋಷಗಳನ್ನು ಎತ್ತಿ ತೋರಿಸುವುದರಲ್ಲಿ ಆತನಿಗೆ ದಯೆಯೆಂಬುದಿರಲಿಲ್ಲ. ಆದರೆ ಆ ನಿಷ್ಠುರದೃಷ್ಟಿಯೇ ಆತನ ಮುಖ್ಯಕಾರ್ಯಕ್ಕೆ ಬೇಕಾಗಿದ್ದ ಆಯುಧವಾಯಿತೆಂಬುದನ್ನು ಮರೆಯಲಾಗದು.

2. ಚೀನೀ ಲಿಪಿಯಲ್ಲಿ ಸಂಸ್ಕೃತ ನಾಮಗಳು

ಹ್ಯೂಯೆನ್ ತ್ಸಾಂಗನು ಹಿಂದೂದೇಶದ ಯಾತ್ರೆಯನ್ನು ಮುಗಿಸಿ ಕ್ರಿ. ಶ. 645ರಲ್ಲಿ ಚೀನದ ರಾಜಧಾನಿಗೆ ಹಿಂದಿರುಗಿದನು. ಮರುವರ್ಷವೇ ಆತನ ದೇಶವರ್ಣನೆಯ ಗ್ರಂಥವು ಹನ್ನೆರಡು ಭಾಗಗಳಲ್ಲಿ ಸಿದ್ಧವಾಯಿತು. ಇದಲ್ಲದೆ ಆತನ ಶಿಷ್ಯನಾದ ಹ್ವೀಲಿ ಎಂಬವನು ಗುರುವಿನ ಚರಿತ್ರೆಯನ್ನು ಬರೆದನು. ಈ ಎರಡನ್ನೂ ಜೂಲಿಯೆನ್ನನು ಫ್ರೆಂಚ್ ಭಾಷೆಗೆ ಪರಿವರ್ತಿಸಿದನು. ಜೀವನಚರಿತ್ರೆಯು 1853ರಲ್ಲಿಯೂ, ದೇಶವರ್ಣನೆಯ ಎರಡು ಸಂಪುಟಗಳು 1857 ಮತ್ತು 1858ರಲ್ಲಿಯೂ ಹೊರಬಿದ್ದವು.

ಈ ಕೆಲಸದಲ್ಲಿದ್ದ ತೊಡಕು ಎಂತಹುದೆಂಬುದನ್ನು ಸ್ವಲ್ಪ ವಿವರಿಸಬೇಕು. ಚೀನೀ ಲಿಪಿಯು ನಮ್ಮ ಲಿಪಿಯಂತೆ ಅಕ್ಷರಗಳ ಲಿಪಿಯಲ್ಲ. ಒಂದೊಂದು ಚಿಹ್ನೆಗೂ ಒಂದೊಂದು ಅರ್ಥವಿರುತ್ತದೆ. ವಿದೇಶದ ಹೆಸರನ್ನು ಬರೆಯಬೇಕಾದರೆ ಅರ್ಥವನ್ನು ಬದಿಗಿಟ್ಟು, ಆ ಚಿಹ್ನೆಯ ಧ್ವನಿಯನ್ನು ಮಾತ್ರ ಗ್ರಹಿಸಿ ಜೋಡಿಸುವರು. ಚೀನೀಯರ ನಾಲಗೆಗೆ ರಕಾರಲಕಾರಗಳ ಭೇದವಿರಲಿಲ್ಲ, ಒತ್ತಕ್ಷರಗಳು ಒಗ್ಗುತ್ತಿರಲಿಲ್ಲ. ಮೇಲಾಗಿ ಏಳನೆಯ ಶತಮಾನದ ಉಚ್ಚಾರಣೆಯು ಹನ್ನೆರಡು ಶತಮಾನಗಳಲ್ಲಿ ಬಹಳವಾಗಿ ಮಾರ್ಪಟ್ಟಿತ್ತು. ಹೀಗಿರಲು ಚಿಹ್ನೆಗಳನ್ನು ಅರ್ಥದಂತೆ ಓದಿದರೆ ಹೆಸರು ಅಸಂಬದ್ಧ ವಾಕ್ಯವಾಗುತ್ತದೆ. ಈಗಿನ ಧ್ವನಿಯಂತೆ ಓದಿದರೆ ಮೂಲದ ಗುರುತು ಸಿಕ್ಕುವುದಿಲ್ಲ. ಫಾಹಿಯಾನನ ಯಾತ್ರಾಗ್ರಂಥವನ್ನು ಅನುವಾದಿಸಿದ ರೆಮ್ಯೂಸಾ ಪಂಡಿತನಿಗೂ ಈ ತೊಡಕು ಎದುರಾಗಿತ್ತು. ಆತನ ಆ ಕೃತಿಯನ್ನು ಇತರರು ಪೂರೈಸಿ 1836ರಲ್ಲಿ ಪ್ರಕಟಿಸಬೇಕಾಯಿತು.

ಜೂಲಿಯೆನ್ನನು ಇದಕ್ಕೆ ಹಿಡಿದ ದಾರಿಯು ಊಹೆಯದಲ್ಲ, ಗಣನೆಯದು. ಈ ಕಾರ್ಯಕ್ಕೆಂದು ಸಂಸ್ಕೃತವನ್ನು ಅಭ್ಯಾಸಮಾಡಿದನು. ಬೌದ್ಧ ಪದಗಳಿಗೆ ಚೀನೀಯರೇ ರಚಿಸಿಕೊಂಡಿದ್ದ ನಿಘಂಟುಗಳನ್ನು, ಮುಖ್ಯವಾಗಿ ಹನ್ನೆರಡನೆಯ ಶತಮಾನದ ಭಾಷಾಂತರಿತ ನಾಮಗಳ ಕೋಶವೊಂದನ್ನು, ಹಿಡಿದು ಪರಿಶೋಧಿಸಿದನು. ಅರ್ಥವು ನಿಶ್ಚಿತವಾಗಿ ತಿಳಿದ ಹೆಸರುಗಳಲ್ಲಿ ಯಾವ ಚಿಹ್ನೆಯು ಯಾವ ಸಂಸ್ಕೃತಾಕ್ಷರಕ್ಕೆ ಬದಲಾಗಿ ಬಂದಿದೆಯೆಂದು ಪಟ್ಟಿಮಾಡಿ, ಆ ಪಟ್ಟಿಯ ಬಲದಿಂದ ತಿಳಿಯದ ಹೆಸರುಗಳನ್ನು ಬಿಡಿಸಿದನು. ಈ ಕ್ರಮವನ್ನು 1861ರಲ್ಲಿ ಪ್ರತ್ಯೇಕ ಗ್ರಂಥವಾಗಿ ಹೊರಗೆಡಹಿ, ತನ್ನ ಕೀಲಿಕೈಯನ್ನು ಇತರರ ಕೈಗೂ ಕೊಟ್ಟನು. ಶಾಸನಲಿಪಿಯನ್ನು ಓದುವವರು ತಿಳಿದ ಹೆಸರಿನಿಂದ ತಿಳಿಯದ ಅಕ್ಷರವನ್ನು ಸಾಧಿಸುವ ಕ್ರಮವೂ ಇದೇ ಆದ್ದರಿಂದ, ನಮ್ಮ ಶಾಸನತಜ್ಞರು ಜೂಲಿಯೆನ್ನನನ್ನು ತಮ್ಮ ಮನೆತನದವನೆಂದೇ ಭಾವಿಸಬಹುದು.

ಯಾತ್ರಿಕನು ಕೆಲವು ಹೆಸರುಗಳಿಗೆ ಅರ್ಥವನ್ನೂ ಕೊಟ್ಟಿರುವುದುಂಟು. ಹರ್ಷನ ಬಿರುದಾದ 'ಶೀಲಾದಿತ್ಯ' ಎಂಬುದನ್ನು ಧ್ವನಿಯಲ್ಲಿ ಬರೆದು, 'ಶೀಲದ ಸೂರ್ಯ' ಎಂಬರ್ಥದ ಚೀನೀ ಪದಗಳನ್ನೂ ಸೇರಿಸಿದ್ದಾನೆ. ಅಂತಹ ಕಡೆ ಸಂಶಯಕ್ಕೆ ಎಡೆಯಿಲ್ಲ. ಅರ್ಥವನ್ನು ಕೊಡದ ಕಡೆಗಳಲ್ಲಿಯೇ ಕಷ್ಟ. ನಮ್ಮ ದೊರೆಯ ಹೆಸರು ಈ ಎರಡನೆಯ ಬಗೆಗೆ ಸೇರಿದುದು.

3. ಪುಲಕೇಶಿಯ ಹೆಸರು

ದೇಶವರ್ಣನೆಯ ಹನ್ನೊಂದನೆಯ ಭಾಗದಲ್ಲಿ ಮಹಾರಾಷ್ಟ್ರ ದೇಶದ ವರ್ಣನೆಯಿದೆ. ಅಲ್ಲಿಯ ಜನರು ಅಭಿಮಾನಿಗಳು. ಉಪಕಾರವನ್ನು ಮರೆಯರು, ಅಪಕಾರಕ್ಕೆ ಹಗೆಯನ್ನು ಬಿಡರು. ಹಗೆಯ ಮೇಲೆ ಬೀಳುವ ಮುನ್ನ ಎಚ್ಚರಿಕೆಯನ್ನು ಕೊಡುವರು. ಸೋತುಬಂದ ಸೇನಾಪತಿಗೆ ದಂಡನೆಯಿಲ್ಲ, ಸ್ತ್ರೀಯರ ಉಡುಪನ್ನು ಕೊಡುವರು. ಯುದ್ಧಕ್ಕೆ ಮುಂಚೆ ವೀರರೂ ಆನೆಗಳೂ ಮದ್ಯದಿಂದ ಮತ್ತರಾಗುವರು ಎಂಬ ವಿವರಗಳನ್ನು ಯಾತ್ರಿಕನು ಹೇಳುತ್ತಾನೆ. ದೊರೆಯು ಕ್ಷತ್ರಿಯನೆಂದೂ, ದೂರಾಲೋಚನೆಯುಳ್ಳವನೆಂದೂ, ಪೂರ್ವಪಶ್ಚಿಮಗಳನ್ನು ಗೆದ್ದ ಶೀಲಾದಿತ್ಯನು ತಾನೇ ಸೈನ್ಯವನ್ನು ನಡೆಸಿಬಂದರೂ ಈ ದೇಶವನ್ನು ಮಣಿಸಲಾರದೆ ಹೋದನೆಂದೂ ಸ್ಪಷ್ಟವಾಗಿ ಬರೆದಿದ್ದಾನೆ. ದೊರೆಯ ಹೆಸರು ನಾಲ್ಕು ಚಿಹ್ನೆಗಳಲ್ಲಿದೆ. ಈಗಿನ ಉಚ್ಚಾರಣೆಯಂತೆ ಅವು 'ಪು-ಲೊ-ಚಿ-ಶೆ' ಎಂಬಂತೆ ಕೇಳಿಸುವುವು. ಏಳನೆಯ ಶತಮಾನದ ಧ್ವನಿಯನ್ನು ಪುನಃಸ್ಥಾಪಿಸಿದರೆ ಸುಮಾರಾಗಿ 'ಪು-ಲ-ಕೇ-ಶ' ಎಂದಾಗುತ್ತದೆ.

ಈ ವಾಕ್ಯವು ಯೂರೋಪಿನ ಭಾಷೆಯಲ್ಲಿ ಪ್ರಕಟವಾದುದು 1858ರಲ್ಲಿ. ಇದಕ್ಕೆ ಮುಂಚೆ, 1836ರ ಸುಮಾರಿನಲ್ಲಿ, ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ಧಾರವಾಡ ಪ್ರಾಂತದಲ್ಲಿ ಸಂಗ್ರಹಿಸಿದ ಶಾಸನಗಳಿಂದ ಚಾಲುಕ್ಯರ ವಂಶಾವಳಿಯನ್ನು ರಚಿಸಿದ್ದನು. ಐಹೊಳೆಯ ಮೇಗುಟಿಯ ಗುಡಿಯಲ್ಲಿರುವ ರವಿಕೀರ್ತಿಯ ಶಾಸನವನ್ನು ಫ್ಲೀಟ್ ಪಂಡಿತನು 1876ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಶಕ 556ರ, ಎಂದರೆ ಕ್ರಿ. ಶ. 634–35ರ, ಆ ಶಾಸನವು ಹರ್ಷನು ಪುಲಕೇಶಿಯೆದುರು ಭಂಗಪಟ್ಟುದನ್ನು ಹೇಳುತ್ತದೆ. ಅದರಲ್ಲಿಯೇ ಪುಲಕೇಶಿಯು 99,000 ಗ್ರಾಮಗಳುಳ್ಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದನೆಂಬ ಮಾತೂ ಇದೆ. ಆದ್ದರಿಂದ ಯಾತ್ರಿಕನು ಆ ದೇಶವನ್ನು 'ಮಹಾರಾಷ್ಟ್ರ' ಎಂದುದರಲ್ಲಿ ತಪ್ಪೇನೂ ಇಲ್ಲ. ಒಂದು ಕಡೆ ರಾಜಾಶ್ರಿತನಾದ ಕವಿಯ ಮಾತು, ಇನ್ನೊಂದು ಕಡೆ ಹರ್ಷನಿಂದಲೇ ಸತ್ಕೃತನಾದ ವಿದೇಶೀಯನ ಮಾತು. ಎರಡೂ ಒಂದನ್ನೇ ಹೇಳುತ್ತವೆ. ಹೊಗಳುವುದಕ್ಕೆ ಕಾರಣವಿದ್ದವನ ಮಾತನ್ನು ಹೊಗಳುವುದಕ್ಕೆ ಕಾರಣವಿಲ್ಲದವನು ಸಮರ್ಥಿಸಿದಂತಾಯಿತು. ಚರಿತ್ರೆಯಲ್ಲಿ ಇಂತಹ ಸಂವಾದವು ಅಪರೂಪ. 2016ರಲ್ಲಿ ಬೆಳಕಿಗೆ ಬಂದ, ಕ್ರಿ. ಶ. 619ರ ಪುಲಕೇಶಿಯ ತಾಮ್ರಪಟವು ಈ ಯುದ್ಧದ ಕಾಲವನ್ನು ಮತ್ತಷ್ಟು ಹಿಂದಕ್ಕೆ ಒಯ್ದಿದೆ. ಅಂತು ಜೂಲಿಯೆನ್ನನು ಅನುವಾದಿಸಿದ ವಾಕ್ಯವನ್ನು ಶಿಲೆಯೂ ತಾಮ್ರವೂ ಒಂದಾದಮೇಲೊಂದು ಸ್ಥಿರಪಡಿಸಿವೆ. ಐಹೊಳೆಯ ಶಾಸನದ ಪ್ರಕಟನೆಯನ್ನು ಕಾಣಲು ಆತನು ಮಾತ್ರ ಬದುಕಿರಲಿಲ್ಲ.

ಇಲ್ಲಿ ಕನ್ನಡ ಭಾಷಾಶಾಸ್ತ್ರಜ್ಞರು ಗಮನಿಸತಕ್ಕ ಒಂದಂಶವಿದೆ. ಶಾಸನಗಳಲ್ಲಿ ಈ ಹೆಸರು ಪೊಲೆಕೇಶಿ, ಪುಲಿಕೇಶಿ ಮುಂತಾಗಿ ಹಲವು ರೂಪಗಳಲ್ಲಿ ದೊರೆಯುತ್ತದೆ. ಅದರ ನಿಷ್ಪತ್ತಿಯ ವಿಷಯದಲ್ಲಿ ವಿವಾದವೂ ಇದೆ. 'ಲಿ' ಎಂಬ ಧ್ವನಿಗೆ ಯಾತ್ರಿಕನಲ್ಲಿ ಬೇರೆ ಚಿಹ್ನೆಗಳಿದ್ದುವು. ಆತನು ಬಳಸಿದುದು 'ಲ' ಎಂಬುದಕ್ಕೆ ಸಲ್ಲುವ ಚಿಹ್ನೆ. ಆದ್ದರಿಂದ ಆತನ ಕಿವಿಗೆ ಬಿದ್ದ ರೂಪವು 'ಪುಲಕೇಶ'ವೆಂಬ ಸಂಸ್ಕೃತಚ್ಛಾಯೆಯುಳ್ಳದ್ದೆಂದು ಊಹಿಸಬೇಕು. ಆದರೆ ಇದರಿಂದ ಕನ್ನಡಿಗರೂ ಹಾಗೆಯೇ ಉಚ್ಚರಿಸುತ್ತಿದ್ದರೆಂದು ಹೇಳಲಾಗದು. ಆತನ ವ್ಯವಹಾರವೆಲ್ಲವೂ ಸಂಸ್ಕೃತಜ್ಞರಾದ ಭಿಕ್ಷುಗಳೊಡನೆ ನಡೆದುದಷ್ಟೆ.

4. ಕೊಂಕಣಪುರದ ಸಮಸ್ಯೆ

ಜೂಲಿಯೆನ್ನನ ಕ್ರಮದ ಬಲವನ್ನು ಕಂಡಾಯಿತು. ಇನ್ನು ಅದರ ಮೇರೆಯನ್ನು ನೋಡಬೇಕು. ಮಹಾರಾಷ್ಟ್ರಕ್ಕೆ ಬರುವ ಮುಂಚೆ ಯಾತ್ರಿಕನು ದ್ರಾವಿಡದೇಶದ ಕಾಂಚೀಪುರದಿಂದ ಸುಮಾರು 2,000 ಲೀ ದೂರ ನಡೆದು ಒಂದು ದೇಶವನ್ನು ಸೇರಿದನು. ಅದರ ಹೆಸರನ್ನು ಜೂಲಿಯೆನ್ನನು 'ಕೊಂಕಣಪುರ' ಎಂದು ಬಿಡಿಸಿದನು. ಅಲ್ಲಿ ನೂರಕ್ಕೆ ಮೇಲ್ಪಟ್ಟು ವಿಹಾರಗಳೂ, ಹತ್ತು ಸಾವಿರ ಭಿಕ್ಷುಗಳೂ ಇದ್ದರು, ದೇವಾಲಯಗಳು ನೂರಾರು. ಅರಮನೆಯ ಬಳಿಯ ವಿಹಾರದಲ್ಲಿ ಸಿದ್ಧಾರ್ಥಕುಮಾರನ ಕಿರೀಟವನ್ನು ರತ್ನದ ಸಂಪುಟದಲ್ಲಿಟ್ಟು ಪೂಜಿಸುತ್ತಿದ್ದರು. ಇನ್ನೊಂದು ವಿಹಾರದಲ್ಲಿ ಹತ್ತು ಅಡಿಗೆ ಮೇಲ್ಪಟ್ಟ ಶ್ರೀಗಂಧದ ಮೈತ್ರೇಯಮೂರ್ತಿಯಿತ್ತು. ಪಟ್ಟಣದ ಉತ್ತರಕ್ಕೆ 30 ಲೀ ಸುತ್ತಳತೆಯ ತಾಳವನವಿತ್ತು. ಅದರ ಎಲೆಗಳು ಉದ್ದವೂ ಅಗಲವೂ ಆಗಿದ್ದು ಎಲ್ಲ ದೇಶಗಳಲ್ಲಿಯೂ ಬರವಣಿಗೆಗೆ ಉಪಯೋಗವಾಗುತ್ತಿದ್ದುವು.

ಶ್ರೀಗಂಧವೂ ಓಲೆಗರಿಯೂ ಉಳ್ಳ ಈ ನಾಡು ಕರ್ಣಾಟಕದೊಳಗಿನದೆಂದು ಅನೇಕರು ನಂಬಿದರು. ಆದರೆ ಸ್ಥಳ ಯಾವುದು? ಜೂಲಿಯೆನ್ನನ ಸಂಪುಟಕ್ಕೆ ಭೂಗೋಳದ ಪ್ರಬಂಧವನ್ನು ಬರೆದ ವಿವಿಯೆನ್ ದ ಸಾಂ ಮಾರ್ತಾಂ ಬನವಾಸಿಯೆಂದನು. ಕನ್ನಿಂಗ್‌ಹ್ಯಾಮನು 1871ರಲ್ಲಿ ತುಂಗಭದ್ರೆಯ ಉತ್ತರತೀರದ ಆನೆಗೊಂದಿಯೆಂದನು. ಫರ್ಗುಸನ್ನನು ಮೈಸೂರಿನ ಮೈದಾನವನ್ನು ದಾಟಿಸಿ ಬಿದನೂರಿನ ಪೂರ್ವಕ್ಕೆ ಒಯ್ದನು. 1884ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಬೀಲನು ಗೋಲ್ಕೊಂಡದ ಕಡೆಗೆ ಹುಡುಕಬೇಕೆಂದನು. ಒಂದೇ ಗ್ರಂಥದಿಂದ ನಾಲ್ಕು ನಗರಗಳು ಹುಟ್ಟಿದಂತಾಯಿತು.

ಈ ಭಿನ್ನಾಭಿಪ್ರಾಯಕ್ಕೆ ಮೂಲದಲ್ಲಿಯೇ ಕಾರಣವಿದೆ. ದೇಶವರ್ಣನೆಯು ಕಾಂಚಿಯಿಂದ 'ಉತ್ತರಕ್ಕೆ' ಎನ್ನುತ್ತದೆ. ಜೀವನಚರಿತ್ರೆಯು 'ವಾಯವ್ಯಕ್ಕೆ' ಎನ್ನುತ್ತದೆ. ಜೀವನಚರಿತ್ರೆಯಲ್ಲಿ ಹೆಸರಿನ ಮೊದಲ ಚಿಹ್ನೆಯೂ ಇಲ್ಲ. ಹೆಸರಿನ ಕಡೆಯ ಎರಡು ಚಿಹ್ನೆಗಳನ್ನು ನೋಡಿದರೆ ಮತ್ತೊಂದು ಸಂಗತಿಯು ಹೊಳೆಯುತ್ತದೆ. ಕೊಂಕಣಪುರದ 'ಪುರ'ವನ್ನು ಬರೆಯಲು ಯಾತ್ರಿಕನು ಯಾವ ಎರಡು ಚಿಹ್ನೆಗಳನ್ನು ಉಪಯೋಗಿಸಿರುವನೋ, ಪುಲಕೇಶಿಯ 'ಪುಲ'ವನ್ನು ಬರೆಯಲೂ ಅವನ್ನೇ ಉಪಯೋಗಿಸಿದ್ದಾನೆ! ಒಂದು ಕಡೆ 'ಪುರ', ಇನ್ನೊಂದು ಕಡೆ 'ಪುಲ' ಎಂದು ನಿರ್ಣಯಿಸಿದುದು ಲಿಪಿಯ ಬಲದಿಂದಲ್ಲ. ಶಾಸನಗಳು ಇಲ್ಲದಿದ್ದರೆ ನಮ್ಮ ಚಕ್ರವರ್ತಿಯು 'ಪುರಕೇಶ'ನೂ ಆಗಬಹುದಾಗಿತ್ತು. ಪುಲಕೇಶಿಗೆ ಶಾಸನದ ನೆರವು ಸಿಕ್ಕಿತು, ಹೆಸರು ನೆಲೆನಿಂತಿತು. ಕೊಂಕಣಪುರಕ್ಕೆ ಅಂತಹ ನೆರವು ಸಿಕ್ಕಲಿಲ್ಲ, ಅದು ಇನ್ನೂ ಅಲೆಯುತ್ತಿದೆ.

ದೂರವನ್ನು ಲೆಕ್ಕಹಾಕಿ ನೋಡೋಣ. ಕನ್ನಿಂಗ್‌ಹ್ಯಾಮನಂತೆ ಆರು ಲೀಗೆ ಒಂದು ಮೈಲಿಯೆಂದು ಹಿಡಿದರೆ 2,000 ಲೀ ಸುಮಾರು 333 ಮೈಲಿಯಾಗುತ್ತದೆ. ನೇರವಾದ ಗೆರೆಯಲ್ಲಿ ಕಾಂಚಿಯಿಂದ ಆನೆಗೊಂದಿಗೆ ಸುಮಾರು 275 ಮೈಲಿ, ದಿಕ್ಕು ವಾಯವ್ಯ. ಬನವಾಸಿಗೆ ಸುಮಾರು 335 ಮೈಲಿ, ದಿಕ್ಕು ಪಶ್ಚಿಮಕ್ಕೆ ಹೆಚ್ಚು ವಾಲಿದುದು. ದಾರಿಯ ಬಳಸನ್ನು ಸೇರಿಸಿದರೆ ಆನೆಗೊಂದಿಯೇ ಹೆಚ್ಚು ಹೊಂದುತ್ತದೆ. ಅಲ್ಲಿಂದ ಯಾತ್ರಿಕನು ಮತ್ತೆ ವಾಯವ್ಯಕ್ಕೆ ಸುಮಾರು 2,400 ಲೀ ನಡೆದು ಮಹಾರಾಷ್ಟ್ರವನ್ನು ಸೇರಿದನೆಂಬುದಕ್ಕೂ, ಫ್ಲೀಟನು ಸೂಚಿಸಿದಂತೆ ಆ ರಾಜಧಾನಿಯು ನಾಸಿಕವಾಗಿದ್ದರೆ, ಬನವಾಸಿಗಿಂತ ಆನೆಗೊಂದಿಯೇ ಅನುಕೂಲ. ಬನವಾಸಿಯಿಂದ ನಾಸಿಕವು ಹೆಚ್ಚುಕಡಮೆ ಉತ್ತರಕ್ಕೇ ಇದೆ. ಇದಕ್ಕೆ ಪ್ರತಿಯಾಗಿ ತಾಳವನದ ಮಾತು ಇದೆ. ಉದ್ದವೂ ಅಗಲವೂ ಆದ ಎಲೆಯು ಶ್ರೀತಾಳೆಗೆ ಒಪ್ಪುವಂತಹುದು. ಶ್ರೀತಾಳೆಯು ಬೆಳೆಯುವುದು ಉತ್ತರಕನ್ನಡ ಜಿಲ್ಲೆಯ ಘಟ್ಟದ ಕಡೆಯಲ್ಲಿ. ಆ ಲಕ್ಷಣವು ಬನವಾಸಿಯ ಕಡೆಗೆ ಬೆರಳುಮಾಡುತ್ತದೆ.

ಇನ್ನೊಂದು ಆಕ್ಷೇಪವಿದೆ. ಆನೆಗೊಂದಿಯಿಂದ ಬಾದಾಮಿಗೆ ಎಪ್ಪತ್ತು ಮೈಲಿಯೂ ಇಲ್ಲ. ಬನವಾಸಿಯನ್ನು ಪುಲಕೇಶಿಯು ಗೆದ್ದುದನ್ನು ಐಹೊಳೆಯ ಶಾಸನವೇ ಹೇಳುತ್ತದೆ. ಹೀಗೆ ಚಾಲುಕ್ಯರ ಹೃದಯಭಾಗದಲ್ಲಿರುವ ಪಟ್ಟಣವು ಪುಲಕೇಶಿಯ ದೇಶದಿಂದ ಬೇರೆಯಾದ ದೇಶವಾಗುವುದು ಹೇಗೆ? ಇದಕ್ಕೆ ನಮಗೆ ತೋರುವ ಸಮಾಧಾನವಿಷ್ಟೆ: ಯಾತ್ರಿಕನ 'ದೇಶ'ಗಳೆಲ್ಲವೂ ರಾಜ್ಯಗಳಲ್ಲ. ಕೊಂಕಣಪುರಕ್ಕೆ ಆತನು ಯಾವ ದೊರೆಯ ಹೆಸರನ್ನೂ ಹೇಳಿಲ್ಲ. ಒಬ್ಬನೇ ಅರಸನ ಆಳ್ವಿಕೆಯೊಳಗಿನ ನಾಡುಗಳನ್ನೂ ಆತನು ಬೇರೆ ಬೇರೆಯಾಗಿ ಎಣಿಸಿರಬಹುದು.

ಉಳಿಯುವ ಬಲವಾದ ಆಕ್ಷೇಪವೆಂದರೆ ನೂರು ವಿಹಾರಗಳದು. ಜೈನಶೈವಗಳು ಪ್ರಬಲವಾಗಿದ್ದ ಏಳನೆಯ ಶತಮಾನದ ಕನ್ನಡನಾಡಿನಲ್ಲಿ ಅಷ್ಟೊಂದು ಬೌದ್ಧಾವಶೇಷಗಳೆಲ್ಲಿ? ಬೌದ್ಧಧರ್ಮವು ಇಲ್ಲಿಗೆ ಹಿಂದೆಯೇ ಬಂದುದು ಸಿದ್ಧ. ಬನವಾಸಿಗೆ ರಕ್ಷಿತನೆಂಬ ಧರ್ಮಪ್ರಚಾರಕನು ಬಂದನೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಕಾರ್ಲೆಯ ಗುಹೆಯಲ್ಲಿ ವೈಜಯಂತಿಯ ವರ್ತಕನೊಬ್ಬನ ದಾನದ ಬರೆಹವಿದೆ. ಬ್ರಹ್ಮಗಿರಿ, ಮಸ್ಕಿ, ಕೊಪ್ಪಳಗಳಲ್ಲಿ ಅಶೋಕನ ಶಾಸನಗಳಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೀಮಾತೀರದ ಸನ್ನತಿ ಮತ್ತು ಕನಗನಹಳ್ಳಿಗಳಲ್ಲಿ ದೊರೆತ ಸ್ತೂಪಾವಶೇಷಗಳು ಇನ್ನೂ ಹೆಚ್ಚಿನವು. ಅಶೋಕನ ಹೆಸರನ್ನು ಕೊರೆದ ಶಿಲ್ಪವೂ ಅಲ್ಲಿ ದೊರೆತಿದೆ. ಸನ್ನತಿಯು ಕಾಂಚಿಯಿಂದ ನೇರಗೆರೆಯಲ್ಲಿ ಸುಮಾರು 330 ಮೈಲಿಯಿದ್ದು, ಉತ್ತರವಾಯವ್ಯಗಳ ನಡುವಣ ದಿಕ್ಕಿನಲ್ಲಿದೆ. ಹಿಂದಿನ ವಿದ್ವಾಂಸರಿಗೆ ಈ ಅವಶೇಷಗಳು ತಿಳಿದಿರಲಿಲ್ಲ. ಆದರೆ ಅವುಗಳ ಉತ್ಕರ್ಷಕಾಲವು ಯಾತ್ರಿಕನಿಗಿಂತ ಹಲವು ಶತಮಾನಗಳ ಹಿಂದಿನದು; ಹೆಸರೂ ಹೊಂದುವುದಿಲ್ಲ. ಆದ್ದರಿಂದ ಸನ್ನತಿಯೇ ಕೊಂಕಣಪುರವೆಂದು ನಾವು ಹೇಳುವುದಿಲ್ಲ. ಹಳೆಯ ನಾಲ್ಕು ಊಹೆಗಳೊಳಗೇ ಸುತ್ತುವುದನ್ನು ಬಿಟ್ಟು, ಪ್ರಶ್ನೆಯನ್ನು ಹೊಸದಾಗಿ ಎತ್ತುವ ಕಾಲವು ಬಂದಿದೆಯೆಂದಷ್ಟೆ ಹೇಳುತ್ತೇವೆ.

5. ಉಪಸಂಹಾರ

ಜೂಲಿಯೆನ್ನನ ಅನುವಾದವು ಕಡೆಯ ಮಾತಲ್ಲ. ಆತನ ತರುವಾಯ ಬೀಲನೂ, ಮೂಲದ ಪಾಠಭೇದಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ವಾಟರ್ಸನೂ ಆತನ ತಪ್ಪುಗಳನ್ನು ತಿದ್ದಿದ್ದಾರೆ. ವಾಟರ್ಸನ ಗ್ರಂಥವು ಆತನ ಮರಣಾನಂತರ 1904–05ರಲ್ಲಿ ಪ್ರಕಟವಾಯಿತು. ಇತರರ ತಪ್ಪುಗಳನ್ನು ಕ್ಷಮಿಸದ ಪಂಡಿತನಿಗೆ ಇತರರು ತೋರಿಸಬಹುದಾದ ಗೌರವವು ಇದಕ್ಕಿಂತ ಹೆಚ್ಚಿನದಿಲ್ಲ. ಆತನ ಹೆಸರಿನಲ್ಲಿ ಚೀನೀ ವಿದ್ಯೆಗಾಗಿ 1872ರಲ್ಲಿ ಏರ್ಪಟ್ಟ ಬಹುಮಾನವು 1875ರಲ್ಲಿ ಮೊದಲು ಸಂದುದು ಜೇಮ್ಸ್ ಲೆಗ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನಿಗೆ.

ನಮ್ಮ ವಿಷಯಕ್ಕೆ ಬಂದರೆ, ಹ್ಯೂಯೆನ್ ತ್ಸಾಂಗನ ಮಾತೆಂದು ಕನ್ನಡದ ಪುಸ್ತಕಗಳಲ್ಲಿ ಉದ್ಧರಿಸುವುದು ಬಹುಮಟ್ಟಿಗೆ ಇಂಗ್ಲಿಷ್ ಭಾಷಾಂತರದ ಕನ್ನಡವೇ. ಅದರ ಹಿಂದೆ ಫ್ರೆಂಚ್ ಪಂಡಿತನ ನೆರಳಿದೆ. ಅದಕ್ಕೂ ಹಿಂದೆ ಮೂಲವಿದೆ. 'ಉತ್ತರಕ್ಕೆ' ಎಂಬುದೋ 'ವಾಯವ್ಯಕ್ಕೆ' ಎಂಬುದೋ ಎಂಬ ಒಂದು ಪದದ ಮೇಲೆ ಒಂದು ರಾಜಧಾನಿಯ ನೆಲೆಯು ನಿಂತಿರುವಾಗ, ಪರರು ತೋಡಿಕೊಟ್ಟ ನೀರನ್ನೇ ಕುಡಿಯುತ್ತಿರುವುದು ಸಾಲದು. ಕನ್ನಡನಾಡನ್ನು ಕಾಣದವನು, ಕನ್ನಡವನ್ನು ಅರಿಯದವನು, ಪ್ಯಾರಿಸ್ಸಿನ ಪುಸ್ತಕಶಾಲೆಯಲ್ಲಿ ಕುಳಿತು ನಮ್ಮ ಅರಸನ ವಿಷಯವಾದ ಒಂದು ವಾಕ್ಯವನ್ನು ಲೋಕಕ್ಕೆ ತೋರಿಸಿದನು. ಕನ್ನಡನಾಡನ್ನು ಬಲ್ಲವರು, ಇಲ್ಲಿಯ ಹೊಳೆ, ಘಟ್ಟ, ತಾಳೆವನಗಳನ್ನು ಕಣ್ಣಾರೆ ಕಂಡವರು, ಚೀನೀಭಾಷೆಯನ್ನು ಕಲಿತು ಆ ಗ್ರಂಥದ ಹನ್ನೊಂದನೆಯ ಭಾಗವನ್ನಾದರೂ ಮೂಲದಲ್ಲಿ ಓದಿದರೆ, ಉಳಿದ ವಾಕ್ಯಗಳೂ ಮಾತಾಡಬಹುದು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಚರಿತ್ರೆಯನ್ನೂ ಭಾಷೆಯನ್ನೂ ಬೋಧಿಸುವವರು ಈ ಕಾರ್ಯಕ್ಕೆ ಒಬ್ಬಿಬ್ಬರು ಶಿಷ್ಯರನ್ನಾದರೂ ಸಿದ್ಧಪಡಿಸಬೇಕೆಂದು ವಿದ್ವಾಂಸರಲ್ಲಿ ಅರಿಕೆಮಾಡಿ ಈ ಲೇಖನವನ್ನು ಮುಗಿಸುತ್ತೇವೆ.